ಸೈರನ್ನಿಗೆ ಒಳಗೆ ಬಂದ ಸಾಟ

ಮಾವಿನ ಸಾಟವನ್ನು ನೀವು ತಿಂದಿರಬಹುದು. ಅದು ಒಣಗುವುದನ್ನು ಕಾದು ಕುಳಿತಿದ್ದೀರೋ ಇಲ್ಲವೋ ತಿಳಿಯದು. ಈಶಾಡು ಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಒಣಗಿದ ಮೇಲೆ ಇನ್ನೊಂದು ಪದರ ಹೊಯ್ಯುತ್ತ ಹೋಗುವ ಈ ಕೆಲಸಕ್ಕೆ ಸಕ್ಕರೆಗಿಂತ ಸಹನೆಯೇ ಹೆಚ್ಚು ಬೇಕು. ಅಮದಳ್ಳಿಯ ನನ್ನ ಅಕ್ಕನಲ್ಲಿ ಅದು ಧಾರಾಳವಾಗಿದೆ; ಈ ಬೇಸಿಗೆ ಅದನ್ನೂ ಪರೀಕ್ಷಿಸಿತು.

ಅವಳ ಮಗ ಮಂಜುನಾಥ ಸರಕು ಹಡಗಿನಲ್ಲಿ ವೆಲ್ಡರ್. ಹಡಗು ನಿಂತಿದ್ದ ಪರದೇಶದ ಬಂದರಿನ ಮೇಲೆ ಕ್ಷಿಪಣಿಗಳು ಬೀಳತೊಡಗಿ, ಹೊರಡುವ ದಾರಿ ಮುಚ್ಚಿ, ಅವನ ಫೋನೂ ಮೌನವಾಯಿತು. ಟಿ.ವಿ.ಯವರು ಆ ಬಂದರನ್ನು ನಕಾಶೆಯಲ್ಲೊಂದು ಕೆಂಪು ಚುಕ್ಕೆ ಮಾಡಿ, ಕ್ರಿಕೆಟ್ ಪಂದ್ಯದ ಹುರುಪಿನಲ್ಲಿ ವಿವರಿಸುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಟಿ.ವಿ. ಆರಿಸಿ, ಮಗನಿಗೆ ಇಷ್ಟವೆಂದು ಸಾಟಕ್ಕೆ ಮತ್ತೊಂದು ಪದರ ಹೊಯ್ದಳು.

ಆ ದಿನಗಳಲ್ಲೇ ನಮ್ಮಲ್ಲೂ ಯುದ್ಧದ ಅಣಕು ತಾಲೀಮು ನಡೆಯಿತು. ಸೈರನ್ ಕೂಗಿದೊಡನೆ ಎಲ್ಲರೂ ಮನೆಯೊಳಗಿರಬೇಕೆಂದು ಮೊದಲೇ ಸಾರಿದ್ದರು. ನಾನಿರುವ ಕೋಡಿಬಾಗದಿಂದ ಅಂದು ಅಕ್ಕನ ಮನೆಗೆ ಹೋಗಿದ್ದೆ. ಸೈರನ್ ಕೂಗಿದ್ದೇ ತಡ, ಒಳಗಿದ್ದ ಕೇರಿಯ ಹೆಂಗಸರೆಲ್ಲ ಹೊರಗೋಡಿ ಬಂದು, ಮಳೆಹನಿ ಬಿದ್ದಾಗ ಮಾಡುವಂತೆ, ಒಬ್ಬಳು ಹಪ್ಪಳ, ಒಬ್ಬಳು ಒಣಮೀನು, ಅಕ್ಕ ಸಾಟದ ಚಾಪೆ ಎತ್ತಿಕೊಂಡು ಒಳಗೆ ನುಗ್ಗಿದರು. ತಾಲೀಮಿನವರು ತಲೆ ಚಚ್ಚಿಕೊಂಡರು, ನಾನು ನಕ್ಕೆ. ಅಕ್ಕ ನಗಲಿಲ್ಲ.

“ತಮಾ, ಅಲ್ಲಿ ಹೆಂಗಸ್ರು ಇದು ಕೂಗ್ದಾಗ ಏನ್ ತಕಂಡಿ ಒಳಗ್ ಹೋಗ್ತ್ರೋ ಏನೋ,” ಅಂದಳು.

ಯುದ್ಧವೆಂದರೆ ಗಡಿ, ಸೇನೆ, ಗೆಲುವು ಎಂದೆಲ್ಲ ಓದಿಕೊಂಡಿದ್ದ ನನಗೆ, ಅದು ಬಂದು ಬೀಳುವುದು ಯಾರದೋ ಅಂಗಳದಲ್ಲಿ ಅರ್ಧ ಒಣಗಿದ ಯಾವುದೋ ತಿನಿಸಿನ ಮೇಲೆ ಎಂಬುದು ಹೊಳೆದೇ ಇರಲಿಲ್ಲ.

ಅಕ್ಕನ ಪ್ರಶ್ನೆಗೆ ಉತ್ತರ ಕೊಟ್ಟವನು ಮಂಜುನಾಥ. ಹಡಗು ಹೇಗೋ ಹೊರಬಿದ್ದು ಸುರಕ್ಷಿತ ಬಂದರು ಸೇರಿದ ದಿನ ಅವನ ಫೋನು ಬಂತು. ಕ್ಷಿಪಣಿ ಬೀಳುತ್ತಿದ್ದ ಆ ಊರಿನ ಅಜ್ಜಿಯೊಬ್ಬಳು, ಹಡಗಿನಿಂದಿಳಿದಿದ್ದ ತಮ್ಮನ್ನು ನೆಲಮಾಳಿಗೆಯಲ್ಲಿ ಇರಿಸಿಕೊಂಡು ಉಣಿಸಿದಳೆಂದೂ, ಸೈರನ್ ಕೂಗಿದಾಗಲೆಲ್ಲ ಯಾರು ಬೈದರೂ ಕೇಳದೆ ಮೊದಲು ತಾರಸಿಗೆ ಓಡಿ, ಒಣಹಾಕಿದ ಟೊಮೆಟೊ ಹೊತ್ತು ತರುತ್ತಿದ್ದಳೆಂದೂ ಹೇಳಿದ. ಅಕ್ಕ ಅತ್ತಳು, ಅಳುತ್ತಲೇ ನಕ್ಕಳು.

ಮಗ ಮನೆಗೆ ಬರುವ ಹೊತ್ತಿಗೆ ಸಾಟ ಕತ್ತಿಗೂ ಬಗ್ಗದಷ್ಟು ದಪ್ಪವಾಗಿತ್ತು. ಅಕ್ಕ ಅದನ್ನು ಎರಡು ಮಾಡಿ, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ಡಬ್ಬಿಗೆ ಹಾಕಿ ಆ ಅಜ್ಜಿಗೆಂದಳು. ಆ ಊರಿಗೆ ಈಗ ಅಂಚೆಯೂ ಹೋಗುವುದಿಲ್ಲವೆಂದು ನಾನು ತಿಳಿಹೇಳಿದೆ.

“ಇರ್ಲಿ. ಸಾಟ ಹಾಳಾಗೂದಿಲ್ಲ. ದಾರಿ ಬಿಟ್ಟಾಗ ಅಂವ ತಕಂಡಿ ಹೋಗ್ಲಿ.”

ಡಬ್ಬಿ ಇನ್ನೂ ಅಡುಗೆಮನೆಯ ಅಟ್ಟದ ಮೇಲಿದೆ. ಅದರಿಂದ ಒಂದು ಚೂರೂ ಸಿಗುವುದಿಲ್ಲ. ನಾನು ಕೇಳಿ ನೋಡಿದ್ದೇನೆ.