ಮಾಸ್ತರರ ಕೈ ಎಲ್ಲಿತ್ತು

ಇಂದು ಬೆಳಿಗ್ಗೆ ಮೊಮ್ಮಗಳು ಭಾಗ್ಯಳ ಓಢಣಿ ನೆನೆಹಾಕುವಾಗ ಮೂಗಿಗೆ ಮಿಷನ್ ಎಣ್ಣೆಯ ವಾಸನೆ ಬಡಿಯಿತು. ಇಂಜಿನಿಯರಿಂಗ್ ಓದುವ ಹುಡುಗಿ, ಎಣ್ಣೆ ತಾಗಿರಬಹುದು, ಅದರಲ್ಲೇನು ಎಂದು ನೀವು ಕೇಳಬಹುದು. ನನ್ನ ಮೂಗು ನಿಮ್ಮಷ್ಟು ಒಳ್ಳೆಯದಲ್ಲ. ಅದು ಮೊದಲು ಸಂಶಯಪಡುತ್ತದೆ, ವಾಸನೆ ನೋಡುವುದು ಆಮೇಲೆ.

ಈ ಸಂಶಯ ಹುಟ್ಟಿದ್ದು ನನ್ನ ತವರು ನವಲಿಯಲ್ಲಿ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮುಂದೆ ಊರಿಗೆ ಹೊಲಿಗೆ ಕಲಿಸುವ ಅಕ್ಕೋರು ಬಂದರು, ಜೊತೆಗೆ ಹೊಸ ಮಿಷನ್ನೂ ಬಂತು. ಅದಕ್ಕೆ ಹೂವೇನು, ಅರಿಶಿನವೇನು, ಮೇಲೊಂದು ಕಸೂತಿಯ ಮುಸುಕೇನು! ನಾವು ಕೈ ಚಾಚಿದರೆ ಅಕ್ಕೋರು ಚಟ್ಟನೆ ಬಾರಿಸುತ್ತಿದ್ದರು. "ಮುಟ್ಟಬ್ಯಾಡ್ರಿ, ಕೆಡತೈತಿ. ನೋಡಿ ಕಲೀರಿ." ಎಣ್ಣೆ ಬಿಡುವುದು ಮಾತ್ರ ನಮ್ಮ ಪಾಲಿಗೆ. ಕೊನೆಗೆ ಎಲ್ಲರಿಗೂ ಹೊಲಿಗೆ ಕಲಿತ ಸರ್ಟಿಫಿಕೇಟು ಸಿಕ್ಕಿತು. ನನ್ನ ಜಂಪರಿಗೆ ಗುಂಡಿ ಹಚ್ಚಲು ಇವತ್ತಿಗೂ ಸೊಸೆಯೇ ಬೇಕು.

ಹಾಗಾಗಿ ಹೋದ ವರ್ಷ ಭಾಗ್ಯ ಹಾಸ್ಟೆಲ್ಲಿನ ಮಾತು ತೆಗೆದಾಗ ನನ್ನ ಕಿವಿ ನಿಗುರಿತು.

"ಯಮ್ಮಾ, ಕಾಲೇಜಿಗೆ ರೋಬೋಟಿನ ಕೈ ಬಂದೈತಿ. ಕ್ಲಾಸ್ ಮುಗದ ಮ್ಯಾಲೆ ನಾವ ಅದನ್ನ ನಡಸಿ ಕಲೀಬೇಕು. ಅಷ್ಟೊತ್ತಿಗೆ ನಮ್ಮೂರು ಮರಳಿಗೆ ಬಸ್ ಇರಂಗಿಲ್ಲ. ಕೊಪ್ಪಳದಾಗ ಹಾಸ್ಟೆಲ್ ಸೇರತೀನಿ."

"ನಡಸೋರು ನೀವೋ, ನಿಮ್ಮ ಮಾಸ್ತರೋ?"

"ನಾವ."

"ಹೌದೌದು. ನಾನೂ ಹಿಂಗ ಹೊಲಿಗಿ ಕಲ್ತಾಕಿ."

ಮಗ "ಅವ್ವ ಹೇಳಿದಂಗ" ಎಂದು ನನ್ನ ತಲೆಗೆ ಕಟ್ಟಿದ. ನಾನು ಬೇಡವೆಂದರೆ ಹುಡುಗಿಗೆ ಹಾಸ್ಟೆಲ್ಲೂ ಇಲ್ಲ, ಆ ಕೈಯೂ ಇಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಳು. ಕಣ್ಣಾರೆ ನೋಡದೆ ಹ್ಞೂಂ ಎನ್ನುವವಳು ನಾನಲ್ಲ. ಅಮವಾಸ್ಯೆಯ ದಿನ ಗುಡಿಗೆ ಹೋದವಳು ಹಾಗೆಯೇ ಕೊಪ್ಪಳದ ಬಸ್ಸು ಹತ್ತಿದೆ. ಹೇಳಿ ಹೋದರೆ ಎಲ್ಲರೂ ತಯಾರಾಗಿರುತ್ತಾರಲ್ಲ!

ಕಾಲೇಜಿನಲ್ಲಿ ಅಂದು ಕ್ಲಾಸಿನ ಹೊತ್ತಿನಲ್ಲೇ ಆ ಕೈಯ ಪಾಠ ನಡೆದಿತ್ತು. ಮೇಜಿನ ಮೇಲೆ ಕೊಕ್ಕರೆಯ ಕುತ್ತಿಗೆಯಂಥ ಕಬ್ಬಿಣದ ಕೈ. ಭಾಗ್ಯ ನನ್ನನ್ನು ಕಂಡು ಹಣೆ ಬಡಿದುಕೊಂಡಳು. ಎಳೆ ವಯಸ್ಸಿನ ಮಾಸ್ತರರು "ಕುಂದರ್ರಿ ಅಮ್ಮಾರ, ಚಾ ತರಸ್ತೀನಿ" ಎಂದರು. ಕೇಳದೆ ಚಹಾ ಕುಡಿಸುವವರ ಮೇಲೆ ನನಗೆ ಇನ್ನೂ ಸಂಶಯ. ಅವರು ಹೊರಗೆ ಹೋದರು, ಹುಡುಗರು ಕಂಪ್ಯೂಟರಿನಲ್ಲಿ ಮುಳುಗಿದ್ದರು. ನಾನು ಎದ್ದು, ಬೆರಳು ಒದ್ದೆ ಮಾಡಿಕೊಂಡು, ಸೆರಗಿನಲ್ಲಿದ್ದ ಗುಡಿಯ ಕುಂಕುಮವನ್ನು ಯಂತ್ರಕ್ಕೆ ಹಚ್ಚಿದೆ. ಅಮವಾಸ್ಯೆಗೆ ಟ್ರ್ಯಾಕ್ಟರಿಗೆ ಹಚ್ಚುವುದಿಲ್ಲವೆ? ಹಣೆಯಂತೆ ಕಂಡ ದುಂಡನೆಯ ಗಾಜಿನ ಮೇಲೆಯೇ ಇಟ್ಟೆ.

ಕೆಂಪು, ಹಸಿರು ಬಿಲ್ಲೆಗಳನ್ನು ಆ ಕೈ ಆರಿಸಿ ಬೇರೆ ಬೇರೆ ಡಬ್ಬಿಗೆ ಹಾಕಬೇಕಂತೆ. ಮಾಸ್ತರರು ತಿರುಗಿ ಬಂದ ಮೇಲೆ ಭಾಗ್ಯ ಗುಂಡಿ ಒತ್ತಿದಳು. ಕೈ ಎದ್ದು, ಗಾಳಿಯಲ್ಲಿ ಗಕ್ಕನೆ ನಿಂತಿತು. ಮತ್ತೆ ಒತ್ತಿದಳು, ಮತ್ತೆ ನಿಂತಿತು.

"ಭಾಗ್ಯಾ, ನಿಮ್ಮಜ್ಜಿನ್ನ ನೋಡಿ ಅಂಜೈತಿ ಅದು" ಎಂದ ಒಬ್ಬ.

ನನ್ನ ಕಣ್ಣು ಮಾಸ್ತರರ ಕೈಯ ಮೇಲೆ. ಈಗ ಮುಂದೆ ಬರುತ್ತದೆ, ಹುಡುಗಿಯನ್ನು ಸರಿಸುತ್ತದೆ ಎಂದುಕೊಂಡೆ. ಅರ್ಧ ದಾರಿ ಬಂದೇಬಿಟ್ಟಿತು. ಅಲ್ಲಿಂದ ಹಿಂದಕ್ಕೆ ಹೋಯಿತು. ಮಾಸ್ತರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು.

"ನೀನ ಹುಡುಕವಾ, ಅವಸರಿಲ್ಲ."

ಅವಳು ವೈರು ಎಳೆದು ನೋಡಿದಳು, ಸ್ಕ್ರೂ ಬಿಚ್ಚಿದಳು. ಚಹಾ ಬಂದು ಆರಿತು. ಕೊನೆಗೆ ಗಾಜಿನ ಮುಂದೆ ಬಗ್ಗಿ, ಒರೆಸಿ, ಕೆಂಪಾದ ಬೆರಳನ್ನು ನನ್ನತ್ತ ಹಿಡಿದಳು.

"ಯಮ್ಮಾ! ಇದು ಅದರ ಕಣ್ಣು!"

"ಕಣ್ಣನ್ನ ಹಣಿ ಮ್ಯಾಲ ಇಟ್ಟರ ನಾ ಏನ ಮಾಡ್ಲಿ?"

ಎಲ್ಲರೂ ನಕ್ಕರು, ಭಾಗ್ಯ ನಗಲಿಲ್ಲ. ಹಾಸ್ಟೆಲ್ಲು ಹೋಯಿತೆಂದೇ ಅವಳ ಮುಖ ಹೇಳುತ್ತಿತ್ತು. ಆದರೆ ತನಗೆ ಬರುವ ಕೆಲಸದಲ್ಲಿ ಇನ್ನೊಬ್ಬರು ತಡವರಿಸುವಾಗ ಕೈ ಕಟ್ಟಿ ನಿಲ್ಲುವುದು ಸುಲಭವಲ್ಲ. ಸೊಸೆಗೆ ರೊಟ್ಟಿ ಬಡಿಯಲು ಕಲಿಸಿದವಳು ನಾನು, ಆಗ ಹಾಗೆ ನಿಲ್ಲಲು ನನ್ನಿಂದ ಆಗಿರಲಿಲ್ಲ.

"ಸೇರು" ಎಂದೆ.

ಈಗ ರಜೆಗೆ ಬಂದಿದ್ದಾಳೆ. ಓಢಣಿ ಹಿಂಡುತ್ತಿದ್ದ ನನ್ನ ಹತ್ತಿರ ಬಂದು ಕುಳಿತು, "ಯಮ್ಮಾ, ಈ ವರ್ಷ ಹೊಸ ಹುಡುಗ್ಯಾರಿಗೆ ಆ ಕೈ ನಡಸೋದನ್ನ ನಾನ ಕಲಸಾಕತ್ತೀನಿ" ಎಂದಳು.

"ಕಲಸುವಾಗ ನಿನ್ನ ಕೈ ಎಲ್ಲಿರತಾವ?"

ಅವಳು ಮೊದಲು ತನ್ನ ಕೈಗಳನ್ನು ನೋಡಿಕೊಂಡಳು. ತಕ್ಷಣ ಉತ್ತರ ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ.