ಐದನೇ ಪ್ರಶ್ನೆಗೆ ನಾನು ಬರೆದ ಉತ್ತರ

1983ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಚನ್ನಗಿರಿಯ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ; ಯಾವ ಅಭ್ಯರ್ಥಿಯನ್ನೂ ನಂಬುತ್ತಿರಲಿಲ್ಲ. ಈಗ ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ. ಆದರೆ ಆ ವಾರದ ಪತ್ರಿಕೆ ನನ್ನ ಬಳಿ ಇದೆ. ಅದರ ಮುಂದೆ ಜಾರಿಕೊಳ್ಳಲು ದಾರಿಯಿಲ್ಲ.

ಚನ್ನಗಿರಿ, ಹೊನ್ನಾಳಿ, ಜಗಳೂರು ಕ್ಷೇತ್ರಗಳ ಅಭ್ಯರ್ಥಿಗಳಿಗೆ ಐದು ಪ್ರಶ್ನೆ ಕಳಿಸಿದ್ದೆವು: ಕುಡಿಯುವ ನೀರು, ಸಾರಾಯಿ, ವಿದ್ಯುತ್, ಮೀಸಲಾತಿ, ಕೊನೆಗೆ ಗೇಣಿ ಭೂಮಿ. ಭೂಸುಧಾರಣೆ ಕಾನೂನಿನಡಿ ಗೇಣಿದಾರ ತಾನು ಉಳುವ ಹೊಲದ ಹಕ್ಕು ಕೇಳಿ ಫಾರಂ ನಂಬರ್ ಏಳು ಸಲ್ಲಿಸಬೇಕಿತ್ತು. ಅದರ ಗಡುವು ಮುಗಿದು ವರ್ಷಗಳಾಗಿದ್ದವು. ತಪ್ಪಿಸಿಕೊಂಡವರಿಗೆ ಇನ್ನೊಂದು ಅವಕಾಶ ಕೊಡಿಸುತ್ತೀರಾ ಎಂಬುದು ನಮ್ಮ ಪ್ರಶ್ನೆ.

ಹೊನ್ನಾಳಿ ಕಡೆಯ ಒಬ್ಬ ಅಭ್ಯರ್ಥಿ ನಾಲ್ಕಕ್ಕೆ ದುಂಡಗಿನ ಅಕ್ಷರದಲ್ಲಿ ಉತ್ತರಿಸಿದ್ದ. ಕೇರಿಗೊಂದು ಬೋರ್‌ವೆಲ್, ಸಾರಾಯಿ 'ಹಂತ ಹಂತವಾಗಿ' ಬಂದ್, ಇತ್ಯಾದಿ. ಐದನೆಯದು ಖಾಲಿ. ಮರೆವಲ್ಲ, ಹೊಲದ ಒಡೆಯರ ವೋಟೂ ಬೇಕು, ಗೇಣಿದಾರರ ವೋಟೂ ಬೇಕು.

ಅಚ್ಚಿನ ಮೊಳೆ ಜೋಡಿಸುವವರು ಕಾಯುತ್ತಿದ್ದರು. ಸಂಪಾದಕರು ಹಾಳೆ ನೋಡಿ, "ಖಾಲಿ ಬಿಟ್ರೆ ಪುಟ ಹಲ್ಲುದುರಿದ ಬಾಯಿ ಥರ ಕಾಣ್ತೈತೆ. ತುಂಬ್ರಿ ಎಂ.ಎ. ಸಾಹೇಬ್ರೆ, ಓದಿದ್ದೆಲ್ಲಾ ಮತ್ಯಾವಾಗ ಖರ್ಚು ಮಾಡ್ತೀರಿ?" ಎಂದರು.

ಅಭ್ಯರ್ಥಿಗಳು ಬಿಟ್ಟದ್ದನ್ನು ನಾವೇ ತುಂಬುವುದು ನಮ್ಮ ಕಚೇರಿಯಲ್ಲಿ ರೂಢಿ. ನಾನು ತುಂಬಿದೆ: 'ಅರ್ಜಿ ಹಾಕಲಾಗದ ಗೇಣಿದಾರರಿಗೆ ಮತ್ತೊಂದು ಅವಕಾಶ ಕೊಡಿಸುವುದು ನನ್ನ ಮೊದಲ ಕೆಲಸ.' ನ್ಯಾಯವಾದ ಮಾತು ಅದೇ ಅಲ್ಲವೇ ಎಂದು ಹೆಮ್ಮೆಯೂ ಆಯಿತು.

ಮುಂದಿನ ವಾರ ನ್ಯಾಮತಿಯ ಸಭೆಯಲ್ಲಿ ಆತ ನಮ್ಮ ಪತ್ರಿಕೆಯನ್ನೇ ಎತ್ತಿ ಹಿಡಿದ. "ನನ್ನ ಮಾತು ಪೇಪರ್‌ನಾಗೆ ಐತೆ, ನೋಡ್ಕಳ್ರಿ!" ನನ್ನ ಕಡೆ ತಿರುಗಿ ನಕ್ಕನೋ, ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ಆ ಕೂಗನ್ನು ನಾನು ವರದಿಗೆಂದು ಬರೆದುಕೊಂಡದ್ದಂತೂ ನಿಜ.

ಆತ ಸೋತ. ಕೆಲವು ತಿಂಗಳ ಮೇಲೆ ಗೋವಿನಕೋವಿಯ ಹನುಮಂತಪ್ಪ ಎಂಬ ಗೇಣಿದಾರ ಕಚೇರಿಗೆ ಬಂದ. ಮೂರೆಕರೆ ಉಳುತ್ತಿದ್ದವನು, ಒಡೆಯನ ಮೇಲಿನ ದಾಕ್ಷಿಣ್ಯಕ್ಕೆ ಅರ್ಜಿ ಹಾಕಿರಲಿಲ್ಲ. ಚುನಾವಣೆಗೆ ಮುಂಚೆ ಒಡೆಯ ಹಿರಿಯರೆದುರು ಒಂದೆಕರೆ ಬರೆದುಕೊಡಲು ಒಪ್ಪಿದ್ದ. ಹನುಮಂತಪ್ಪ ನಮ್ಮ ಪತ್ರಿಕೆ ತೋರಿಸಿ, ಮೂರೂ ನನಗೇ ಬರುತ್ತದೆ ಎಂದು ಬೇಡವೆಂದಿದ್ದ. ಚುನಾವಣೆ ಮುಗಿದದ್ದೇ ಒಡೆಯ ಆ ಮಾತು ಹಿಂತೆಗೆದುಕೊಂಡು, ಮೂರೆಕರೆಗೂ ತನ್ನ ನೇಗಿಲು ಹೂಡಿಸಿದ.

"ಎಲೆಕ್ಷನ್‌ಗೆ ನಿಂತಿದ್ದೋರ್ನ ಕೇಳಿದ್ರೆ ಪೇಪರ್‌ನೋರನ್ನ ಕೇಳು ಅಂತಾರೆ. ಇದು ಯಾರ ಮಾತು, ಸ್ವಾಮಿ?"

ನನ್ನದು ಎನ್ನುವ ಬದಲು, ಅವನನ್ನು ಕರೆದುಕೊಂಡು ನೇರ ಅಭ್ಯರ್ಥಿಯ ಮನೆಗೆ ಹೋದೆ.

"ಸಭೇಲಿ ನಿಮ್ಮ ಮಾತು ಅಂತ ಕೂಗಿದಿರಲ್ರೀ!" ಎಂದು ಕಿರುಚಿದೆ.

ಆತ ಎಲೆಗೆ ಸುಣ್ಣ ಸವರುತ್ತಾ, "ನಾನು ಖಾಲಿ ಬಿಟ್ಟಿದ್ದೆ. ಬರ್ದೋರು ನೀವು. ಚೆನ್ನಾಗಿ ಬರ್ದಿದ್ರಿ, ಓದ್ದೆ. ಇದ್ರಾಗೆ ನನ್ ತಪ್ಪೇನ್ರೀ?" ಎಂದ.

ಹನುಮಂತಪ್ಪ ಅವನನ್ನು ನೋಡಲಿಲ್ಲ; ನನ್ನನ್ನು ನೋಡಿದ. "ಒಂದೆಕರೆ ಕೈಗೆ ಬಂದಿತ್ತು. ಓದಿದೋರು ಸುಳ್ಳು ಬರೆಯಾಕಿಲ್ಲ ಅಂತ ಬಿಟ್ಟೆ."

ಆ ಅಭ್ಯರ್ಥಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಆ ಒಂದು ಸಾಲಿನ ಮೇಲೆ. ಖಾಲಿ ಬಿಟ್ಟದ್ದೇ ಆತನ ನಿಲುವು; ಅದು ಓದುಗರಿಗೆ ತಿಳಿಯಬೇಕಿತ್ತು. ನಾನು ನನ್ನ ಒಳ್ಳೆಯತನವನ್ನು ಆತನ ಹೆಸರಿಗೆ ಬರೆದುಕೊಟ್ಟೆ. ಆತ ಅದನ್ನು ತೋರಿಸಿ ವೋಟು ಕೇಳಿದ.

ಮುಂದಿನ ಚುನಾವಣೆಯಿಂದ, ಸಂಪಾದಕರೊಡನೆ ಜಗಳವಾಡಿ, ಅಂಥ ಕಡೆ 'ಉತ್ತರ ಕೊಟ್ಟಿಲ್ಲ' ಎಂದೇ ದಪ್ಪಕ್ಷರದಲ್ಲಿ ಹಾಕಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹನುಮಂತಪ್ಪನಿಗೆ ಅದರಿಂದ ಒಂದು ಗುಂಟೆಯೂ ವಾಪಸ್ ಬರಲಿಲ್ಲ.