ಮೊದಲ ಬೊಗಸೆ ಎಲಚಿಹಣ್ಣು

ಎರಡು ಸಾವಿರದ ಐದರ ನವೆಂಬರಿನಲ್ಲಿ ಮಗ ಹುಟ್ಟಿದಾಗ ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸಿನಲ್ಲಿ ಬಾಣಂತಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನನ್ನ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಯವರು ನನ್ನ ಮದುವೆಗೆ ಮೊದಲೇ ಹೋಗಿದ್ದರು. ಅದೇ ವಾರ ಇವರ ಕಾರ್ಖಾನೆಯಲ್ಲಿ ಶಟ್‌ಡೌನ್ ಶುರುವಾಯಿತು. ವರ್ಷವಿಡೀ ಓಡುವ ಯಂತ್ರಗಳನ್ನು ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಜೋಡಿಸುವ ಕಾಲ ಅದು. ಮುಗಿಯುವವರೆಗೆ ಯಾರಿಗೂ ರಜೆ ಸಿಗುತ್ತಿರಲಿಲ್ಲ. ಇವರು ಬೂಟು ಬಿಚ್ಚುವ ಮೊದಲೇ ಕುರ್ಚಿಯಲ್ಲಿ ನಿದ್ದೆಹೋಗುತ್ತಿದ್ದರು.

ದಿನವೂ ತಾರೀಖು ಹಾಕಿ ಬರೆದಿಡುವುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಆ ನವೆಂಬರಿನ ಪುಟಗಳಲ್ಲಿ ಮಗು ಹಾಲು ಕುಡಿದದ್ದು, ಒದ್ದೆ ಮಾಡಿದ ಬಟ್ಟೆಗಳು, ಇವರು ಮನೆಗೆ ಬಂದ ಹೊತ್ತು, ಇಷ್ಟೇ ಇವೆ. ಮಗಳಿಗೆ ಮೂರು ತುಂಬುವುದರಲ್ಲಿತ್ತು. ಅವಳ ಬಗ್ಗೆ ಒಂದೇ ಸಾಲು: ‘ಇವತ್ತೂ ತಲೆ ಬಾಚಲಿಲ್ಲ.’

ಇವರ ಅಕ್ಕ ವಿಜಯವಾಡದಿಂದ ಬಂದರು. ಅವರ ಮನೆ ಊರಿನಿಂದಾಚೆ, ಕೊಂಡಪಲ್ಲಿಯ ಹತ್ತಿರದ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ. ಅತ್ತಿಗೆಗೆ ಮದುವೆಯಾಗಿ ಹನ್ನೆರಡು ವರ್ಷ. ಎರಡು ಸಲ ಗರ್ಭ ನಿಂತಿತ್ತು, ಎರಡೂ ಸಲ ಉಳಿಯಲಿಲ್ಲ. ಒಳಗೆ ಕಾಲಿಟ್ಟವರೇ ಬಾಚಣಿಗೆ ಹುಡುಕಿ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡರು. ಸಿಕ್ಕು ಬಿಡಿಸುತ್ತಲೇ ಹೇಳಿದರು:

“ಇವಳನ್ನ ನಾನು ಕರ್ಕೊಂಡ್ ಹೋಗ್ತೀನಿ ಕಣೆ. ಸಂಕ್ರಾಂತಿಗೆ ಬಂದು ಕರ್ಕೊಂಡ್ ಬಾ. ಅಷ್ಟ್ರಲ್ಲಿ ನೀನೂ ಎದ್ದು ಓಡಾಡ್ತಿರ್ತೀಯ.”

“ಅಕ್ಕ, ಅವಳು ನಿದ್ದೇಲಿ ಒದೀತಾಳೆ, ಈಗ್ಲೇ ಹೇಳಿದೀನಿ,” ಎಂದರು ಇವರು.

“ನೀನು ಕಚ್ತಿದ್ದೆ. ನಿನ್ನೇ ಸಾಕಿದೀನಿ, ಇವಳೇನು ಮಹಾ.”

ದುವ್ವಾಡ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದವರು ಇವರೇ. ಮಗಳು ಅಳಲಿಲ್ಲವಂತೆ. ಕಿಟಕಿಯ ಸರಳು ಹಿಡಿದುಕೊಂಡು ಕೈಬೀಸಿದಳಂತೆ. ನನಗೆ ಸಮಾಧಾನವೂ ಆಯಿತು, ಅಳಲಿಲ್ಲವಲ್ಲ ಎಂದು ಬೇಸರವೂ ಆಯಿತು.

ಭಾನುವಾರ ಭಾನುವಾರ ಅತ್ತಿಗೆಯ ಮನೆಗೆ ಫೋನ್ ಮಾಡುತ್ತಿದ್ದೆ. ಮೊದಲ ವಾರ ಮಗಳು ‘ಅತ್ತೆ ದೋಸೆ ಕೊಟ್ಟರು’ ಎಂದಳು. ಡಿಸೆಂಬರಿನ ಒಂದು ಭಾನುವಾರ ನನ್ನೊಡನೆ ಮಾತಾಡುತ್ತಿದ್ದವಳು ಒಮ್ಮೆಲೇ ಆಚೆ ತಿರುಗಿ “ಅಮ್ಮಾ, ನೀರು” ಎಂದಳು. ಆ ಕಡೆ ಲೋಟದ ಸದ್ದಾಯಿತು. ಅತ್ತಿಗೆ ಫೋನಿಗೆ ಬಂದು, “ಕೆಲಸದವಳು ನನ್ನ ಅಮ್ಮಾ ಅಮ್ಮಾ ಅಂತಾಳಲ್ಲ, ಇವಳೂ ಕಲ್ತುಬಿಟ್ಟಿದಾಳೆ,” ಎಂದು ನಕ್ಕರು. ನಾನೂ ನಕ್ಕೆ. ಆ ತೆಲುಗು ಊರುಗಳಲ್ಲಿ ತರಕಾರಿಯವನಿಗೂ ಎಲ್ಲ ಹೆಂಗಸರೂ ಅಮ್ಮಂದಿರೇ.

ಸಂಕ್ರಾಂತಿಗೆ ನಾನು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬಳೇ ಹೋದೆ. ಹಬ್ಬಕ್ಕೆ ಊರಿಗೆ ಹೊರಟವರಿಂದ ರೈಲು ತುಂಬಿ ತುಳುಕುತ್ತಿತ್ತು. ಬಾಗಿಲು ತೆರೆದಾಗ ಮಗಳು ಅತ್ತಿಗೆಯ ಸೆರಗಿನ ಹಿಂದೆ ಸರಿದು ನನ್ನನ್ನು ನೋಡಿದಳು. ಕೆನ್ನೆ ತುಂಬಿತ್ತು. ಎರಡು ಜಡೆಗೆ ಕೆಂಪು ರಿಬ್ಬನ್. ಬಹಳ ಹೊತ್ತಾದ ಮೇಲೆ ಬಂದು, ನನ್ನ ಮಡಿಲಲ್ಲಿ ತಮ್ಮ ಇದ್ದುದರಿಂದ, ಬೆನ್ನಿಗೆ ಆತುಕೊಂಡು ಕೂತಳು.

ಐದು ವರ್ಷ ತುಂಬುವ ತನಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಕಾಸು, ಹೂವಿನ ಎಸಳು ಬೆರೆಸಿ ತಲೆಯ ಮೇಲೆ ಎರೆಯುತ್ತಾರೆ. ದೃಷ್ಟಿ ಹೋಗಲೆಂದು. ನಮ್ಮ ಮೈಸೂರು ಕಡೆ ಇದು ಸಂಕ್ರಾಂತಿಯ ಸಂಜೆ, ಅಲ್ಲಿಯವರಿಗೆ ಹಿಂದಿನ ದಿನ, ಭೋಗಿಯ ಸಂಜೆ. ಅಕ್ಕಪಕ್ಕದವರು ಬರಲೆಂದು ಅತ್ತಿಗೆ ಭೋಗಿಗೇ ಇಟ್ಟುಕೊಂಡಿದ್ದರು. ನಾವು ಇಬ್ಬರೂ ಬೆಳಗಿನಿಂದ ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೆರೆಸಿದೆವು.

ಮಗಳನ್ನು ಮಣೆಗೆ ಕೂರಿಸಿದ್ದಾಯಿತು. ಪಕ್ಕದ ಮನೆಯ ಅಜ್ಜಿ ಹಿತ್ತಾಳೆ ಬಟ್ಟಲು ಎತ್ತಿ ಅತ್ತಿಗೆಯ ಕೈಗಿಟ್ಟು, “ತಲ್ಲಿ ಮುಂದು ಪೊಯ್ಯಾಲಮ್ಮಾ,” ಎಂದರು. ತಾಯಿಯೇ ಮೊದಲು ಎರೆಯಬೇಕು ಎಂದು.

ಆಗ ನನಗೆ ತಿಳಿಯಿತು. ಅತ್ತಿಗೆ ಆ ಕಾಲೊನಿಗೆ ಬಂದದ್ದು ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ನನ್ನ ಮಗಳು ಬಂದಳು. ತವರಿನಲ್ಲಿ ಬಿಟ್ಟಿದ್ದ ತಮ್ಮ ಮಗಳನ್ನು ಕರೆದು ತಂದಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅತ್ತಿಗೆ ಹಾಗೆ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ. ಮಗಳಿಗೆ ಬರುತ್ತಿದ್ದದ್ದು ಬರೀ ಕನ್ನಡ. ಅವಳಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಬಟ್ಟಲು ಹಿಡಿದ ಅತ್ತಿಗೆ ನನ್ನ ಕಡೆ ನೋಡಿದರು.

“ಹಾಕಿ ಅತ್ತಿಗೆ,” ಎಂದೆ. “ಹಣ್ಣು ಬಾಡುತ್ತೆ.”

ಅವರು ಬೊಗಸೆ ತುಂಬಿ ಮೂರು ಸಲ ನಿವಾಳಿಸಿ ಎರೆದರು. ಆಮೇಲೆ ಅಜ್ಜಿ, ಆಮೇಲೆ ಇತರರು. ಮಗನ ಸರದಿಯಲ್ಲಿ ನನ್ನ ಕೈಗೆ ಬಟ್ಟಲು ಬಂತು. “ನಿನ್ನ ಮಗ ಅಕ್ಕನ ಹಾಗೇ ಇದ್ದಾನಲ್ಲ,” ಎಂದು ಯಾರೋ ಮಗಳ ಕಡೆ ತೋರಿಸಿ ತೆಲುಗಿನಲ್ಲಿ ಅಂದರು. ಅತ್ತಿಗೆ ಒಳಗೆ ಹೋಗಿ ಅರಿಸಿನ ಕುಂಕುಮದ ತಟ್ಟೆ ತಂದರು.

ಮೂರನೆಯ ದಿನ ಮಗಳನ್ನು ಕರೆದುಕೊಂಡು ಹೊರಟೆ. ರೈಲಿನಲ್ಲಿ ಏಲೂರು ದಾಟುವವರೆಗೂ “ಅಮ್ಮ ಎಲ್ಲಿ?” ಎಂದು ನನ್ನನ್ನೇ ಕೇಳಿದಳು. ನೆರೆಯವರಿಗೆ ಅತ್ತಿಗೆ, ಮಗುವನ್ನು ಒಳ್ಳೆಯ ಶಾಲೆಗೆಂದು ವಿಶಾಖಪಟ್ಟಣದಲ್ಲಿ ಬಿಟ್ಟಿದ್ದೇವೆ ಎಂದರಂತೆ. ಇದನ್ನು ಫೋನಿನಲ್ಲಿ ಅವರೇ ಹೇಳಿದರು, ತಡೆದು ತಡೆದು.

“ಹೇಳ್ಲಿ ಬಿಡು,” ಎಂದರು ಇವರು. “ನಮ್ಮ ಮಗು ಏನೂ ಸವೆಯಲ್ಲ.”

ಐದು ತುಂಬುವವರೆಗೆ ಮಗಳಿಗೆ ಎಲಚಿಹಣ್ಣು ಎರೆಯುವುದು ಅತ್ತಿಗೆಯ ಮನೆಯಲ್ಲೇ ಎಂದು ನಾವಿಬ್ಬರೂ ನಿಶ್ಚಯಿಸಿದೆವು. ಮುಂದಿನ ವರ್ಷವೂ ಹೋದೆವು. ಮೊದಲ ಬೊಗಸೆ ಅತ್ತಿಗೆಯದೇ. ಅವರು ತಿಂಗಳ ಮುಂಚಿನಿಂದ ಲಂಗದ ಬಟ್ಟೆ ಹುಡುಕುತ್ತಿದ್ದರು, ಮಗಳ ಅಳತೆ ಕೇಳಿ ನನಗೆ ಫೋನ್ ಮಾಡುತ್ತಿದ್ದರು. ನಾನು ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ ಅಳೆದು ಹೇಳುತ್ತಿದ್ದೆ.

ಎರಡು ಸಾವಿರದ ಎಂಟರದು ಕೊನೆಯ ಸಲ. ಅಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಅತ್ತೆ ಎಂದರೆ ಯಾರು, ಅಮ್ಮ ಎಂದರೆ ಯಾರು ಎಂಬುದು ಅವಳಿಗೆ ಈಗ ಸ್ಪಷ್ಟವಾಗಿತ್ತು.

ಹಸಿರು ಲಂಗ ಹಾಕಿಕೊಂಡು ಮಣೆಯ ಮೇಲೆ ಕೂತಳು. ಅಜ್ಜಿ ಎಂದಿನಂತೆ ಬಟ್ಟಲನ್ನು ಅತ್ತಿಗೆಗೆ ಕೊಟ್ಟು ಎಂದಿನ ಮಾತೇ ಹೇಳಿದರು. ಮಗಳು ತಲೆ ಎತ್ತಿ, ದೊಡ್ಡವರ ತಪ್ಪು ತಿದ್ದುವ ಹೆಮ್ಮೆಯಲ್ಲಿ, ಗಟ್ಟಿಯಾಗಿ ಅಂದಳು:

“ಈವಿಡ ಮಾ ಅಮ್ಮ ಕಾದು, ಮಾ ಅತ್ತ. ಮಾ ಅಮ್ಮ ಅದಿಗೋ!”

ಇವರು ನಮ್ಮಮ್ಮ ಅಲ್ಲ, ಅತ್ತೆ ಎಂದು ಹೇಳಿ ನನ್ನ ಕಡೆ ಬೆರಳು ತೋರಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಜ್ಜಿ ಮಾತ್ರ ಅತ್ತಿಗೆಯ ಮೊಣಕೈ ತಟ್ಟಿ, “ಅತ್ತ ಅಯಿತೇ ಏಂಟಮ್ಮಾ? ಪೊಯ್ಯಿ,” ಎಂದರು. ಅತ್ತೆಯಾದರೇನಂತೆ, ಹಾಕು ಎಂದು.

ಅತ್ತಿಗೆ ಬಟ್ಟಲನ್ನು ನನ್ನ ಕಡೆ ಚಾಚಿದರು.

“ತಗೋಮ್ಮ. ನೀನೇ ಹಾಕು.”

“ಬೇಡಿ ಅತ್ತಿಗೆ. ಮೊದ್ಲಿಂದ್ಲೂ ನೀವೇ ಅಲ್ವಾ?”

“ಎಲ್ಲಾರೂ ಕಾಯ್ತಿದಾರೆ. ಹಾಕು.”

ನಾನು ಎರೆದೆ. ಹಣ್ಣುಗಳು ನೆಲದ ಮೇಲೆ ಉರುಳಿದವು, ಮಕ್ಕಳು ಕಾಸಿಗೆ ಮುಗಿಬಿದ್ದರು. ಅತ್ತಿಗೆ ಆರತಿ ತರುತ್ತೇನೆಂದು ಒಳಗೆ ಹೋದವರು ಹೊರಗೆ ಬರಲಿಲ್ಲ. ಆರತಿಯನ್ನು ಅಜ್ಜಿಯೇ ಎತ್ತಿದರು.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಹೋದೆ. ಅತ್ತಿಗೆ ಉಳಿದ ಎಳ್ಳು-ಬೆಲ್ಲವನ್ನು ಡಬ್ಬಿಗೆ ತುಂಬುತ್ತಿದ್ದರು. ಮಗಳು ಅವರ ಬೆನ್ನ ಮೇಲೆ ಜೋತುಬಿದ್ದು ಕೊಬ್ಬರಿ ಆರಿಸಿ ತಿನ್ನುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ.

“ಅವಳಿಗೆ ಬೈಬೇಡ,” ಎಂದರು ಅತ್ತಿಗೆ, ತಿರುಗದೆ. “ಇದ್ದಿದ್ದು ಹೇಳಿದಾಳೆ.”

“ಇಲ್ಲ ಅತ್ತಿಗೆ.”

“ಚಿಕ್ಕೋನಿಗೆ ಇನ್ನೂ ಮೂರು ವರ್ಷ ಇದೆಯಲ್ಲ. ಅವನಿಗೆ ಇನ್ಮೇಲೆ ಅಲ್ಲೇ ಮಾಡ್ಬಿಡು. ರೈಲಲ್ಲಿ ಎರಡು ಮಕ್ಕಳನ್ನ ಕಟ್ಕೊಂಡು ಯಾಕೆ ಒದ್ದಾಡ್ತೀಯ.”

ಮರುವರ್ಷ ಭೋಗಿಗೆ ಅವರನ್ನೇ ಕರೆದೆವು. ಇವರು ಎರಡು ಸಲ ಫೋನ್ ಮಾಡಿದರು. ಸ್ಥಾವರದಲ್ಲಿ ಭಾವನಿಗೆ ರಜೆ ಇಲ್ಲ ಎಂದರು ಅತ್ತಿಗೆ. ಮಗನಿಗೆ ನಮ್ಮ ಕ್ವಾರ್ಟರ್ಸಿನಲ್ಲೇ ಎರೆದೆವು. ಸಂಜೆ ಅತ್ತಿಗೆಯ ಫೋನ್ ಬಂತು.

“ಯಾರ್ ಯಾರು ಹಾಕಿದ್ರು?”

ನಾನು ಒಬ್ಬೊಬ್ಬರನ್ನೇ ಹೇಳಿದೆ. ನಾನು, ಮೇಲಿನ ಮನೆಯವರು, ಎದುರಿನವರು, ಮಗಳ ಟೀಚರು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಚಿಕ್ಕೋನು ಅತ್ತನಾ?”

“ಇಲ್ಲ, ನಗ್ತಾನೇ ಇದ್ದ.”

“ಇವಳು ಮೊದಲ್ನೇ ವರ್ಷ ಅತ್ತಿದ್ಲು ಕಣೆ. ಕಾಸು ಹಣೆಗೆ ತಾಗಿತ್ತು. ನಾನು ಎತ್ಕೊಂಡ್ಮೇಲೇ ಸುಮ್ಮನಾಗಿದ್ದು. ನೆನಪಿದ್ಯಾ?”

ಆ ದಿನ ನಾನು ಬರೆದಿಟ್ಟ ಪುಟ ನನಗೆ ಬಾಯಿಪಾಠ. ಅದರಲ್ಲಿ ಅಂಥದ್ದೇನೂ ಇಲ್ಲ. ಮಗಳು ಅತ್ತದ್ದು ನನಗೆ ನೆನಪೂ ಇಲ್ಲ.

“ಹೌದು ಅತ್ತಿಗೆ,” ಎಂದೆ. “ನೀವು ಎತ್ಕೊಂಡ್ಮೇಲೇ.”